ತುಂಬುವ ಬಟ್ಟಲು, ಎಣಿಸುವ ಹರಳು

ಹಿಂದೆಲ್ಲ ಮುಹೂರ್ತ ನೋಡಲು ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, ಅಂದರೆ 24 ನಿಮಿಷ. ಪಾಪ, ಅದಕ್ಕೆ ಎಣಿಕೆ ಬಾರದು. ತುಂಬುವುದೊಂದೇ ಗೊತ್ತು.

1966ರಲ್ಲಿ ಬಂದ ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾದ ಹೊಟ್ಟೆಯಲ್ಲಿದ್ದದ್ದೂ ಅಂಥದೇ ಒಂದು ಬಟ್ಟಲು. ಹೆಸರು ಮಾತ್ರ ಕೆಪಾಸಿಟರ್. ಶಟರ್ ತೆರೆದೊಡನೆ ವಿದ್ಯುತ್ತು ಹರಿದು ಅದನ್ನು ತುಂಬತೊಡಗುತ್ತದೆ. ಗೊತ್ತಾದ ಮಟ್ಟ ಮುಟ್ಟಿತೋ, ವಿದ್ಯುತ್ಕಾಂತ ಹಿಡಿತ ಬಿಟ್ಟು ಶಟರ್ ಮುಚ್ಚಿಕೊಳ್ಳುತ್ತದೆ. ಹರಿವಿಗೆ ಅಡ್ಡ ನಿಂತಿರುವುದು ಕ್ಯಾಡ್ಮಿಯಂ ಸಲ್ಫೈಡಿನ ತುಣುಕು. ಬೆಳಕು ಹೆಚ್ಚಿದಷ್ಟೂ ಅದರ ತಡೆ ಕಡಿಮೆ. ಬಿಸಿಲಿಗೆ ಬಟ್ಟಲಿನ ತೂತು ಹಿಗ್ಗಿದಂತೆ, ಮಬ್ಬಿಗೆ ಕುಗ್ಗಿದಂತೆ. ಇದರಲ್ಲಿ ಮೆಟ್ಟಿಲುಗಳಿಲ್ಲ, 1/60 ಮತ್ತು 1/125 ಸೆಕೆಂಡಿನ ನಡುವಿನ ಯಾವ ವೇಗವಾದರೂ ಬರಬಹುದು.

ಬಟ್ಟಲೆಂದ ಮೇಲೆ ಸೋರುವುದೂ ಇದೆ. ಕೆಪಾಸಿಟರಿಗೆ ವಯಸ್ಸಾಗುತ್ತದೆ, ಚಳಿ-ಸೆಕೆ ತಾಗುತ್ತದೆ. ತುಂಬುವ ಬದಲು ಮಿಡಿತ ಎಣಿಸುವ ಕ್ವಾರ್ಟ್ಜ್ ಹರಳಿಗೆ ಈ ಗೊಡವೆ ತೀರ ಕಡಿಮೆ. 1980ರ ನಿಕಾನ್ ಎಫ್3ಯಲ್ಲಿದ್ದದ್ದು ಕೈಗಡಿಯಾರದ್ದೇ ಹರಳು, ಸೆಕೆಂಡಿಗೆ 32,768 ಮಿಡಿತ. ಈ ವಿಚಿತ್ರ ಸಂಖ್ಯೆ ಎರಡನ್ನು ಹದಿನೈದು ಸಲ ಗುಣಿಸಿದ್ದು. 32 ಮಿಡಿತ ಎಣಿಸಿದರೆ 1/1024 ಸೆಕೆಂಡು. ಡಯಲಿನ ಮೇಲೆ ನಾವು 1/1000 ಎಂದು ಓದುವುದು ಇದನ್ನೇ. 1/60 ಎನ್ನುವುದೂ ಲೆಕ್ಕದಲ್ಲಿ 1/64. ದುಪ್ಪಟ್ಟಾಗುತ್ತ ಹೋಗುವ ಸರಣಿಯನ್ನು ಮನುಷ್ಯರ ಬಾಯಿಗೆ ಒಗ್ಗುವಂತೆ ದುಂಡು ಮಾಡಿದ್ದಾರೆ, ಅಷ್ಟೇ.

ಕರಾರುವಾಕ್ಕು ಬೇಕೆಂದರೆ ನನ್ನ ಮತವೂ ಹರಳಿಗೇ. ಆದರೆ ಎಣಿಸುವವನಿಗೆ ಎಷ್ಟು ಎಣಿಸಬೇಕೆಂದು ಮೊದಲೇ ಹೇಳಿರಬೇಕು. ಎಫ್3 ಬೆಳಕನ್ನು ಅಳೆದು ನೆನಪಿಟ್ಟುಕೊಂಡ ಮೇಲೆಯೇ ಕನ್ನಡಿ ಎತ್ತುತ್ತದೆ. ಅಲ್ಲಿಂದ ಮುಂದೆ ಹೊರಗೆ ಏನಾದರೂ ಆಗಲಿ, ಅದು ತನ್ನ ಜಪಸರ ಎಣಿಸುತ್ತಿರುತ್ತದೆ.

ಅದಕ್ಕೂ ಐದು ವರ್ಷ ಮೊದಲು, 1975ರಲ್ಲಿ, ಯೋಶಿಹಿಸಾ ಮೈತಾನಿ ವಿನ್ಯಾಸಗೊಳಿಸಿದ ಒಲಿಂಪಸ್ ಓಎಂ-2 ಬೇರೆಯೇ ದಾರಿ ಹಿಡಿದಿತ್ತು. ಅದರ ಸಿಲಿಕಾನ್ ಕಣ್ಣುಗಳು ಫಿಲ್ಮಿನತ್ತಲೇ ತಿರುಗಿವೆ. ಫಿಲ್ಮಿನ ಮೈಯಿಂದ ಚಿಮ್ಮಿ ಬರುವ ಬೆಳಕೇ, ಚಿತ್ರ ಮೂಡುತ್ತಿರುವಾಗಲೇ, ಬಟ್ಟಲನ್ನು ತುಂಬುತ್ತದೆ. ಶಟರ್ ವೇಗ ಹೆಚ್ಚಿದ್ದಾಗ ಫಿಲ್ಮಿನ್ನೂ ಪೂರ್ತಿ ತೆರೆದಿರುವುದಿಲ್ಲವಲ್ಲ, ಅದಕ್ಕೆಂದು ಶಟರಿನ ಮೊದಲ ಪರದೆಯ ಮೇಲೆ ಬಿಳಿ ಚುಕ್ಕಿಗಳ ಚಿತ್ತಾರ ಅಚ್ಚು ಹಾಕಿದ್ದಾರೆ. ಅಳೆಯುವುದು ಬೇರೆ, ಕಾಯುವುದು ಬೇರೆ ಎಂಬುದೇ ಇಲ್ಲಿಲ್ಲ. ಕತ್ತಲ ಕೋಣೆಯಲ್ಲಿ ಶಟರ್ ತೆರೆದು ಕುಳಿತಿರುವಾಗ ಯಾರೋ ದೀಪ ಹಿಡಿದು ಒಳಗೆ ಬಂದರೆ, ಪರದೆ ಅಷ್ಟು ಬೇಗ ಬಿದ್ದುಬಿಡುತ್ತದೆ.