ಸುಟ್ಟ ಕತ್ತಿಯೂ ನೀರಿನ ಸಾಣೆಯೂ

ಕತ್ತಿಯ ಬಾಯಿ ನೀಲಿಯಾಯಿತೆಂದರೆ ಆ ಕತ್ತಿ ಸತ್ತಂತೆ. ಇದು ತಿಳಿಯದೆ ಹೋದ ವರ್ಷ ಮರಗಸಿಗೆ ಮುಂಚೆ ಮನೆಯ ಹನ್ನೊಂದು ಕತ್ತಿಗಳನ್ನು ಪೇಟೆಯ ಒಂದು ವೆಲ್ಡಿಂಗ್ ಅಂಗಡಿಗೆ ಕೊಟ್ಟು ಸಾಣೆ ಹಿಡಿಸಿ ತಂದೆ. ಕನ್ನಡಿಯಂತೆ ಹೊಳೆಯುತ್ತಿದ್ದವು. ಬಾಯಿಯ ಅಂಚಿನುದ್ದಕ್ಕೂ ನವಿಲುಗರಿಯ ಬಣ್ಣದ ಒಂದು ಎಳೆ. ಚೆಂದವಾಗಿದೆ ಎಂದೇ ಅಂದುಕೊಂಡೆ. ಮೂರನೆಯ ಮರ ಮುಗಿಯುವ ಹೊತ್ತಿಗೆ ಆಳು ಕೆಳಗಿಳಿದು ಬಂದು, "ಅಯ್ಯಾ, ಇದು ಕಡಿಯೋದಿಲ್ಲ, ಜಜ್ಜುತ್ತೆ" ಎಂದ. ನೋಡಿದರೆ ಬಾಯಿ ತಗಡಿನಂತೆ ಮಡಚಿಕೊಂಡಿತ್ತು. ಆದರೂ ಕೆಲಸ ನಿಲ್ಲಬಾರದೆಂದು ಅದರಲ್ಲೇ ಮುಂದುವರಿಸಲು ಹೇಳಿದವನು ನಾನು. ಮಧ್ಯಾಹ್ನ ಕತ್ತಿ ಕೊಂಬೆಗೆ ಕಚ್ಚದೆ ಜಾರಿ ಅವನ ಎಡ ಮುಂಗೈಗೆ ಬಿತ್ತು. ಆರು ಹೊಲಿಗೆ, ಮೂರು ವಾರ ಮನೆಯಲ್ಲಿ. ಹರಿತವಾದ ಕತ್ತಿಗೆ ನಾವು ಹೆದರುತ್ತೇವೆ. ಆದರೆ ಕೈ ಕೊಯ್ಯುವುದು ಬಹುಪಾಲು ಮೊಂಡು ಕತ್ತಿಯೇ. ಅದಕ್ಕೆ ಬಲ ಹೆಚ್ಚು ಹಾಕಬೇಕು, ಹಾಕಿದ ಬಲ ಎಲ್ಲಿಗೆ ಹೋಗುತ್ತದೆಂಬುದು ನಮ್ಮ ಕೈಯಲ್ಲಿರುವುದಿಲ್ಲ.

ಇದರ ಕಾರಣ ನನಗೆ ಗೊತ್ತಾದದ್ದು ತೋಟದಲ್ಲಲ್ಲ, ಬೆಂಗಳೂರಿನ ಪದ್ಮನಾಭನಗರದಲ್ಲಿ. ಕಾಫಿ ಕೊಯ್ಲು ಮುಗಿದ ಮೇಲೆ ಮಗಳ ಮನೆಗೆ ಹೋಗಿ ಎರಡು ವಾರ ಇದ್ದು ಬರುವುದು ನಮ್ಮ ವಾಡಿಕೆ. ಅಲ್ಲಿ ಹಿಂದಿನ ಬೀದಿಯಲ್ಲಿ ಕಾರ್ಖಾನೆಯೊಂದರ ಟೂಲ್‌ರೂಮಿನಿಂದ ನಿವೃತ್ತರಾದ ಹಿರಿಯರೊಬ್ಬರು ಕಾರ್ ಷೆಡ್ಡಿನಲ್ಲಿ ಮರಗೆಲಸ ಮಾಡಿಕೊಂಡಿದ್ದಾರೆ. ಅವರ ಬಳಿ ಒಂದು ಸಾಣೆಯಂತ್ರ. ಕಲ್ಲಿನ ಚಕ್ರದ ಕೆಳಭಾಗ ನೀರಿನ ತೊಟ್ಟಿಯಲ್ಲಿ ಮುಳುಗಿ, ನಮ್ಮ ಅಜ್ಜಿಯಂದಿರು ರಾಗಿ ಬೀಸುವ ಕಲ್ಲಿನಷ್ಟೇ ನಿಧಾನವಾಗಿ ತಿರುಗುತ್ತದೆ. ಕಿಡಿಯಿಲ್ಲ, ಕಿರುಚಾಟವಿಲ್ಲ. ಮೊದಲು ನೋಡಿದಾಗ ಇದು ಯಾವ ಕೆಲಸಕ್ಕೆ ಬಂದೀತು ಎನಿಸಿತು.

ಲೆಕ್ಕ ಹೀಗಿದೆ. ಪೇಟೆಯ ಒಣ ಸಾಣೆಚಕ್ರ ಆರು ಅಂಗುಲದ್ದು, ನಿಮಿಷಕ್ಕೆ 2,800ಕ್ಕೂ ಹೆಚ್ಚು ಸುತ್ತು. ಅಂದರೆ ಕಲ್ಲಿನ ಅಂಚು ಗಂಟೆಗೆ ಸುಮಾರು 80 ಕಿಲೋಮೀಟರಿನ ವೇಗದಲ್ಲಿ ಕಬ್ಬಿಣವನ್ನು ಉಜ್ಜುತ್ತದೆ. ನೀರಿನ ಸಾಣೆ 250 ಮಿಲಿಮೀಟರ್ ಅಗಲದ ಕಲ್ಲು, ನಿಮಿಷಕ್ಕೆ 90 ಸುತ್ತು. ಅದರ ಅಂಚಿನ ವೇಗ ಮನುಷ್ಯ ನಡೆಯುವ ವೇಗ. ಹದ ಹಾಕಿದ ಉಕ್ಕು ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ದಾಟಿದಾಗ ಹುಲ್ಲಿನ ಹಳದಿಗೆ ತಿರುಗುತ್ತದೆ, 300ರ ಸುಮಾರಿಗೆ ನೀಲಿ. ಆ ಹೊತ್ತಿಗೆ ಗಡಸು ಇಳಿದುಹೋಗಿರುತ್ತದೆ. ಕತ್ತಿಯ ಬೆನ್ನು ದಪ್ಪ, ಕಾವನ್ನು ಹೀರಿಕೊಳ್ಳುತ್ತದೆ. ಬಾಯಿ ಕಾಗದದಷ್ಟು ತೆಳು, ಕಾವು ಹೋಗುವುದೆಲ್ಲಿಗೆ? ಬೆನ್ನು ಮುಟ್ಟಿದರೆ ತಣ್ಣಗಿರುವಾಗಲೇ ಬಾಯಿ ಸುಟ್ಟಿರುತ್ತದೆ. ನೀಲಿಯಾದ ಮೇಲೆ ಚೊಂಯ್ ಎಂದು ನೀರಿಗೆ ಅದ್ದುವುದನ್ನು ನಾವೆಲ್ಲ ನೋಡಿದ್ದೇವೆ. ಅದರಿಂದ ಏನೂ ಮರಳಿ ಬರುವುದಿಲ್ಲ. ಅಷ್ಟು ಭಾಗವನ್ನು ಪೂರ್ತಿ ಸವೆಸಿ ಕೆಳಗಿನ ಗಟ್ಟಿ ಉಕ್ಕಿಗೆ ಇಳಿಯಬೇಕು, ಇಲ್ಲವೇ ಕುಲುಮೆಗೆ ಹಾಕಿ ಹೊಸದಾಗಿ ಹದ ಹಾಕಬೇಕು.

ಹಿರಿಯರು ನನಗೆ ಮೊದಲು ಕೊಟ್ಟದ್ದು ಕತ್ತಿಯಲ್ಲ, ಒಂದು ಅಂಗುಲದ ಉಳಿ. ಉಳಿಯ ಬಾಯಿ ನೇರ, ಸುಳ್ಳು ಹೇಳುವುದಿಲ್ಲ ಎಂದರು. ಇಳಿಜಾರಿಗೆ ಕಪ್ಪು ಸ್ಕೆಚ್ ಪೆನ್ನಿನಿಂದ ಬಣ್ಣ ಬಳಿದು, ಆಸರೆ ಕಂಬಿಯ ಮೇಲೆ ಇಟ್ಟು, ಕಲ್ಲಿಗೆ ಒಮ್ಮೆ ತಾಗಿಸಿ ತೆಗೆದೆವು. ಮಸಿ ಹೋದ ಜಾಗದಲ್ಲಿ ಕಲ್ಲು ಉಜ್ಜುತ್ತಿದೆ, ಉಳಿದ ಜಾಗದಲ್ಲಿ ಇಲ್ಲ. ಹಿಮ್ಮಡಿಯಲ್ಲಿ ಮಾತ್ರ ಹೋಗಿದ್ದರೆ ಕೋನ ಸಣ್ಣದಾಯಿತು, ತುದಿಯಲ್ಲಿ ಮಾತ್ರ ಹೋಗಿದ್ದರೆ ದೊಡ್ಡದಾಯಿತು. ಇಷ್ಟು ಸರಳ ಉಪಾಯ ಅರವತ್ತು ವರ್ಷ ಕತ್ತಿ ಹಿಡಿದ ನನಗೆ ಹೊಳೆದಿರಲಿಲ್ಲ. ಉಳಿಗೆ 25 ಡಿಗ್ರಿ ಸಾಕು. ಮರ ಕಡಿಯುವ ಕತ್ತಿಗೆ ಅದಕ್ಕಿಂತ ದಪ್ಪ ಬಾಯಿ ಬೇಕು, ಇಲ್ಲದಿದ್ದರೆ ಗಂಟಿಗೆ ಬಿದ್ದಾಗ ಹಲ್ಲು ಬೀಳುತ್ತದೆ.

ಮೊದಲ ದಿನ ನನ್ನ ಉಳಿ ಓರೆಯಾಯಿತು. ಬಲಗೈ ಹೆಚ್ಚು ಒತ್ತುತ್ತಿತ್ತು. ಎರಡನೆಯ ದಿನ ಅವಸರಪಟ್ಟೆ. ಇನ್ನೊಂದು ಮಗ್ಗುಲಿನಲ್ಲಿ ಬೆರಳಿಗೆ ತಡೆಯುವ ನವಿರಾದ ಸುರುಳಿ ಏಳುವ ಮುಂಚೆಯೇ ತೆಗೆದುಬಿಟ್ಟೆ. ಆ ಸುರುಳಿ ಬಾಯಿಯ ಉದ್ದಕ್ಕೂ ಎದ್ದರೆ ಮಾತ್ರ ಕಲ್ಲು ತುದಿಯವರೆಗೆ ಮುಟ್ಟಿದೆ ಎಂದರ್ಥ. ಆಮೇಲೆ ಚರ್ಮದ ಚಕ್ರದ ಮೇಲೆ ಅದನ್ನು ಉಜ್ಜಿ ತೆಗೆಯಬೇಕು. ಇಲ್ಲಿ ಚಕ್ರ ಬಾಯಿಗೆ ಎದುರಾಗಿ ಬರಬಾರದು, ಬಂದರೆ ಚರ್ಮ ಸೀಳುತ್ತದೆ. ಕಸಿ ಚಾಕುವಿಗೆ ಒಂದೇ ಮಗ್ಗುಲು ಇಳಿಜಾರು, ಅದನ್ನಷ್ಟೇ ಹಿಡಿಯಬೇಕು. ಸಿಕೇಟರಿನ ಚಪ್ಪಟೆ ಮಗ್ಗುಲನ್ನು ಮುಟ್ಟಬಾರದು. ಕೆಲಸ ಮುಗಿದ ಮೇಲೆ ತೊಟ್ಟಿಯ ನೀರು ಚೆಲ್ಲಬೇಕು. ಕಲ್ಲನ್ನು ನೀರಿನಲ್ಲೇ ನಿಲ್ಲಿಸಬಾರದು. ಇವೆಲ್ಲ ಕಲಿಯಲು ನನಗೆ ಐದು ಬೆಳಗು ಹಿಡಿಯಿತು. ಚುರುಕಿನ ಹುಡುಗರಿಗೆ ಎರಡು ಸಾಕು.

ಈ ಯಂತ್ರ ಎಲ್ಲಕ್ಕೂ ಆಗುತ್ತದೆಂದು ಹೇಳಲಾರೆ. ಕೊಕ್ಕೆ ಕತ್ತಿಯ ಒಳಬಾಗು ಚಕ್ರಕ್ಕೆ ಸಿಕ್ಕುವುದಿಲ್ಲ, ಅದಕ್ಕೆ ದುಂಡು ಮಸೆಗಲ್ಲೇ ಗತಿ. ಈಗ ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತೇ ಅಡಿಕೆ ಕೊನೆ ತೆಗೆಯುತ್ತೇವೆ. ಅದರ ಕತ್ತಿ ಮೊಂಡಾದರೆ ಕತ್ತೆತ್ತಿ ನಾಲ್ಕು ಸಲ ಎಳೆಯಬೇಕು. ಆ ಕತ್ತಿಯೂ ಕೊಕ್ಕೆಯೇ, ಕೈಯಲ್ಲೇ ಮಸೆಯಬೇಕು. ಗರಗಸಕ್ಕೆ ಅರವೇ ಬೇಕು. ದಿನದಿನದ ಮಸೆತಕ್ಕೂ ಕಟ್ಟೆಯ ಮೇಲಿನ ಮಸೆಗಲ್ಲನ್ನು ಬಿಡಬೇಕಾಗಿಲ್ಲ. ಹಲ್ಲು ಬಿದ್ದ, ಆಕಾರ ಕೆಟ್ಟ ಬಾಯಿಯನ್ನು ಸರಿಪಡಿಸುವುದಕ್ಕೆ ಚಕ್ರ.

ಹಿಂದೆ ಆ ಕೆಲಸ ಕುಲುಮೆಯದಾಗಿತ್ತು. ಆಚಾರಿ ಲಾರಿಯ ಪಟ್ಟೆಯಿಂದ ಕತ್ತಿ ಹೊಡೆದು, ವರ್ಷಕ್ಕೊಮ್ಮೆ ಹಣಿಸಿ, ನೀರು ಕುಡಿಸಿ ಕೊಡುತ್ತಿದ್ದ. ನಾವು ಆಯ ಅಳೆಯುತ್ತಿದ್ದೆವು. ಆಯ ನಿಲ್ಲಿಸಿದವರೂ ನಾವೇ, ಈಗ ಕುಲುಮೆ ಇಲ್ಲವೆಂದು ಗೊಣಗುವವರೂ ನಾವೇ.

ನೀರಿನ ಸಾಣೆಯ ಇನ್ನೊಂದು ಗುಣ ಉಸಿರಿಗೆ ಸಂಬಂಧಿಸಿದ್ದು. ಇಂಗ್ಲೆಂಡಿನ ಶೆಫೀಲ್ಡ್ ಚಾಕು ಕತ್ತರಿಗೆ ಹೆಸರಾದ ಊರು. ಮರಳುಗಲ್ಲಿನ ಮೇಲೆ ಒಣಗಿ ಸಾಣೆ ಹಿಡಿಯುವವರು ಸರಾಸರಿ ಮೂವತ್ತೈದು ವರ್ಷವೂ ಬದುಕುವುದು ಕಷ್ಟ, ನೀರು ಹಾಕಿ ಹಿಡಿಯುವವರು ನಲವತ್ತೈದು ದಾಟುವುದು ಅಪರೂಪ ಎಂದು ಆ ಊರಿನ ವೈದ್ಯರೊಬ್ಬರು ಕಂಡದ್ದನ್ನು ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಕಲ್ಲಿನ ಧೂಳು ಶ್ವಾಸಕೋಶವನ್ನು ತಿನ್ನುತ್ತಿತ್ತು. ಇಂದಿನ ಚಕ್ರಗಳು ಬಹುಮಟ್ಟಿಗೆ ಮರಳುಗಲ್ಲಿನವಲ್ಲ, ನಿಜ. ಆದರೂ ಧೂಳು ಧೂಳೇ, ಮೂಗಿಗೆ ಬಟ್ಟೆಯನ್ನೂ ಕಟ್ಟದೆ ದಿನವಿಡೀ ಅದರ ಮುಂದೆ ಕೂರುವ ಹುಡುಗರನ್ನು ನೋಡಿದರೆ ಸಂಕಟವಾಗುತ್ತದೆ.

ನನ್ನ ಸಲಹೆ ಇದು. ಇಂಥ ಯಂತ್ರವನ್ನು ಇಂದಿನ ರೂಪದಲ್ಲಿ ಪೇಟೆಗೆ ತಂದ ಸ್ವೀಡನ್ನಿನ ಟಾರ್ಮೆಕ್ ಕಂಪನಿ ಶುರುವಾದದ್ದು 1973ರಲ್ಲಿ, ನಮ್ಮ ಕ್ಯಾಂಪ್ಕೊ ಹುಟ್ಟಿದ ವರ್ಷವೇ. ಆ ಕಂಪನಿಯದು ದುಬಾರಿ, ಎರಡೆಕರೆಯವನು ಕೊಳ್ಳುವ ವಸ್ತುವಲ್ಲ. ಅದೇ ಮಾದರಿಯ ಅಗ್ಗದವೂ ಸಿಗುತ್ತವೆ. ಸಂಘ ಒಂದನ್ನು ತಂದು ಗೋದಾಮಿನ ಜಗಲಿಯಲ್ಲಿ ಇಡಲಿ. ಇಬ್ಬರು ಹುಡುಗರನ್ನು ಕಲಿಸಿ, ಮರಗಸಿಗೆ ಮುಂಚೆ ಒಂದು ವಾರ, ಅಡಿಕೆ ಸುಲಿಗೆಗೆ ಮುಂಚೆ ಒಂದು ವಾರ, ಕತ್ತಿಗೆ ಇಷ್ಟು ಎಂದು ದರ ಗೊತ್ತುಮಾಡಲಿ. ಸಾಣೆಗೂ ಸಂಘ ಬೇಕೆ ಎಂದು ಕೆಲವರು ನಗಬಹುದು. ಸ್ಪ್ರೇಯರ್ ಬಾಡಿಗೆಗೆ ಕೊಡುವ ಸಂಘಕ್ಕೆ ಇದೇನು ಭಾರ? ಆಳು ಸಿಗುವುದಿಲ್ಲ ಎಂದು ಪ್ರತಿ ಮಹಾಸಭೆಯಲ್ಲೂ ಮಾತಾಡುತ್ತೇವೆ. ಸಿಕ್ಕ ಆಳಿನ ಕೈಗೆ ಏನು ಕೊಡುತ್ತೇವೆ ಎಂಬುದೂ ಒಮ್ಮೆ ಚರ್ಚೆಗೆ ಬರಲಿ.

ನನ್ನ ಹನ್ನೊಂದು ಕತ್ತಿಗಳನ್ನು ಗೋಣಿಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಪದ್ಮನಾಭನಗರಕ್ಕೆ ಒಯ್ದಿದ್ದೆ (ಕಂಡಕ್ಟರ್ ನನ್ನನ್ನೇ ಎರಡು ಸಲ ನೋಡಿದ). ಎಂಟು ಸರಿಯಾದವು. ಮೂರರಲ್ಲಿ ನೀಲಿ ಆಳಕ್ಕೆ ಇಳಿದಿದೆ, ಹೊಸದಾಗಿ ಹದ ಹಾಕಿಸಬೇಕು. ನಮ್ಮ ಸುತ್ತಿನಲ್ಲಿ ಇನ್ನೂ ಕುಲುಮೆ ಉರಿಯುವ ಮನೆ ಯಾರಿಗಾದರೂ ಗೊತ್ತಿದ್ದರೆ ಸಂಘದ ಕಚೇರಿಗೆ ತಿಳಿಸಬೇಕಾಗಿ ವಿನಂತಿ.