ಮನೆಯೊಳಗಿನ ಸೈಕಲ್ ಅಭ್ಯಾಸ: ಬಂಗಾರ ಅಡವಿಡುವ ಮುನ್ನ

ಜತ್ತ ತಾಲೂಕಿನ ಓದುಗರೊಬ್ಬರು ಈ ಅಂಕಣಕ್ಕೆ ಎರಡು ಪುಟಗಳ ಪತ್ರ ಬರೆದಿದ್ದಾರೆ. ಅವರ ಮಗಳು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ಗಡಿಯಾಚೆಯ ವಿಜಯಪುರದಲ್ಲಿ ಸಂಬಂಧಿಕರ ಮನೆಗೆ ಹೋದಾಗ ಅಲ್ಲಿಯ ಹುಡುಗಿಯರು ರೇಸಿಂಗ್ ಸೈಕಲ್ ತುಳಿಯುವುದನ್ನು ಕಂಡವಳು, ಅಲ್ಲಿಂದಲೇ ತಂದ ಹಳೆಯ ಗೇರಿನ ಸೈಕಲ್ಲಿನ ಮೇಲೆ ಎರಡು ವರ್ಷ ನಸುಕಿನಲ್ಲಿ ಅಭ್ಯಾಸ ಮಾಡಿ ಜಿಲ್ಲಾ ಮಟ್ಟದ ಶಾಲಾ ಸ್ಪರ್ಧೆಯವರೆಗೆ ಹೋಗಿದ್ದಾಳೆ. ಈಗ ಅಭ್ಯಾಸ ನಿಂತಿದೆ. ಕಬ್ಬಿನ ಹಂಗಾಮು ಆರಂಭವಾದಂದಿನಿಂದ ಹಿಂದೆ ದೀಪವಿಲ್ಲದ ಜೋಡಿ ಟ್ರೇಲರುಗಳು ನಸುಕಿನಲ್ಲಿಯೇ ರಸ್ತೆಗಿಳಿಯುತ್ತವೆ. ಒಂದು ದಿನ ಹುಡುಗಿ ಕೂದಲೆಳೆಯ ಅಂತರದಲ್ಲಿ ಪಾರಾದಳು. ಅಂದೇ ತಾಯಿ ಸೈಕಲ್ಲಿಗೆ ಕೀಲಿ ಹಾಕಿದರು.

ತಂದೆ ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಮನೆಯೊಳಗೆ ಕುಳಿತು ಪರದೆಯ ಮೇಲಿನ ರಸ್ತೆಯಲ್ಲಿ ಸೈಕಲ್ ತುಳಿಯುವ ಏರ್ಪಾಡಿಗೆ ಸ್ಮಾರ್ಟ್ ಟ್ರೇನರ್, ಹೊಸ ಟ್ಯಾಬ್ಲೆಟ್, ಮಾಸಿಕ ಚಂದಾ ಎಲ್ಲ ಸೇರಿ ಎಪ್ಪತ್ತು ಸಾವಿರ ರೂಪಾಯಿ ಆಗುತ್ತದೆಂದು ಹೇಳಿದರಂತೆ. "ಮನೆಯಾಕೆಯ ಬಂಗಾರ ಅಡವಿಟ್ಟರೆ ಇಷ್ಟು ಹಣ ಕೂಡುತ್ತದೆ. ಇಡುವುದು ಸರಿಯೇ, ತಿಳಿಸಬೇಕು" ಎಂಬುದು ಪತ್ರದ ಕೊನೆಯ ಸಾಲು.

ಇಡಬೇಡಿರಿ ಎಂಬುದೇ ನನ್ನ ಉತ್ತರ. ಹಾಗೆಂದು ಹುಡುಗಿಯ ಅಭ್ಯಾಸ ನಿಲ್ಲಬೇಕಾಗಿಯೂ ಇಲ್ಲ. ಈ ಎರಡು ಮಾತೂ ಒಟ್ಟಿಗೆ ಹೇಗೆ ಸಾಧ್ಯ ಎಂಬುದನ್ನು ವಿವರಿಸುತ್ತೇನೆ. ಇಂಥದೇ ಪ್ರಶ್ನೆ ಅಕ್ಕಲಕೋಟೆಯ, ದಕ್ಷಿಣ ಸೊಲ್ಲಾಪುರದ ಬೇರೆ ಮನೆಗಳಲ್ಲಿಯೂ ಇರಬಹುದು.

ಮೊದಲಿಗೆ, ಇದು ಮಕ್ಕಳ ವಿಡಿಯೋ ಆಟವಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2020ರ ಡಿಸೆಂಬರಿನಲ್ಲಿ ಜ್ವಿಫ್ಟ್ ಎಂಬ ಆ್ಯಪಿನ ಮೇಲೆ ಈ ಬಗೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಸ್ಪರ್ಧಿಗಳು ತಮ್ಮ ತಮ್ಮ ಸ್ಥಳದಲ್ಲಿಯೇ ಸೈಕಲ್ ತುಳಿದರು. ಪುರುಷರಲ್ಲಿ ಗೆದ್ದವರು ಜರ್ಮನಿಯ ಜೇಸನ್ ಓಸ್ಬೋರ್ನ್. ಅವರು ಮೂಲತಃ ದೋಣಿ ಸ್ಪರ್ಧೆಯ ಪಟು. ಮರುವರ್ಷ ಟೋಕಿಯೊ ಒಲಿಂಪಿಕ್ಸಿನಲ್ಲಿ ಅದೇ ಆಟದಲ್ಲಿ ಬೆಳ್ಳಿಯ ಪದಕ ಪಡೆದರು. ಕಾಲಿನ ಬಲವೂ ಶ್ವಾಸದ ಬಲವೂ ಮನೆಯೊಳಗೆ ಬೆಳೆಯುತ್ತವೆ ಎಂಬುದರಲ್ಲಿ ಸಂದೇಹ ಬೇಡ. ಆದರೆ ವಿಶ್ವ ಚಾಂಪಿಯನ್‌ಷಿಪ್ಪಿಗೆ ಬೇಕಾಗುವ ಸಾಧನ ಒಂಬತ್ತನೆಯ ತರಗತಿಯ ಹುಡುಗಿಗೆ ಬೇಕಾಗಿಲ್ಲ.

ಸೈಕಲ್ಲನ್ನು ನಿಂತಲ್ಲಿಯೇ ತುಳಿಯಲು ಮೂರು ಬಗೆಯ ಉಪಕರಣಗಳಿವೆ. ಮೊದಲನೆಯದು ರೋಲರ್: ಚೌಕಟ್ಟಿನಲ್ಲಿ ಮೂರು ಉರುಳೆಗಳು, ಅವುಗಳ ಮೇಲೆ ಸೈಕಲ್. ಹಿಡಿದು ನಿಲ್ಲಿಸುವ ಯಾವ ಆಸರೆಯೂ ಇಲ್ಲದ್ದರಿಂದ ಸಮತೋಲನ ಚೆನ್ನಾಗಿ ಬರುತ್ತದೆ. ಆದರೆ ಹೊಸಬರು ಬೀಳುವುದೂ ಉಂಟು, ಗೋಡೆಯ ಪಕ್ಕದಲ್ಲಿಯೇ ಕಲಿಯಬೇಕು. ಎರಡನೆಯದು ಹಿಂದಿನ ಗಾಲಿಯನ್ನು ಎತ್ತಿ ಹಿಡಿದು, ಟೈರಿಗೆ ಸಣ್ಣ ಉರುಳೆಯನ್ನು ಒತ್ತಿ ಅಯಸ್ಕಾಂತದಿಂದ ಭಾರ ಕೊಡುವ ಸಾದಾ ಟ್ರೇನರ್. ಇದರ ಬೆಲೆ ಸಾಮಾನ್ಯವಾಗಿ ಹತ್ತು ಸಾವಿರದ ಆಸುಪಾಸಿನಲ್ಲಿರುತ್ತದೆ. ಮೂರನೆಯದು ಹಿಂದಿನ ಗಾಲಿಯನ್ನೇ ಬಿಚ್ಚಿ, ಚೈನನ್ನು ನೇರವಾಗಿ ಉಪಕರಣಕ್ಕೆ ಜೋಡಿಸುವ ಸ್ಮಾರ್ಟ್ ಟ್ರೇನರ್. ಪರದೆಯಲ್ಲಿ ಏರು ಬಂದರೆ ಇದು ತಾನಾಗಿ ಭಾರ ಹೆಚ್ಚಿಸುತ್ತದೆ, ತುಳಿಯುವ ಬಲವನ್ನೂ ನಿಖರವಾಗಿ ಅಳೆಯುತ್ತದೆ. ಅಂಗಡಿಯವರು ತೋರಿಸಿದ್ದು ಇದನ್ನೇ. ಒಳ್ಳೆಯ ಸಾಧನ, ಸುಳ್ಳಲ್ಲ. ಆದರೆ ಇದಕ್ಕೆ ಸಾಮಾನ್ಯವಾಗಿ ವಿದ್ಯುತ್ತು ಬೇಕು. ದಿನಕ್ಕೆ ಇಷ್ಟು ತಾಸು ಕರೆಂಟು ಹೋಗುವ ನಮ್ಮ ಹಳ್ಳಿಗಳಲ್ಲಿ ಈ ಮಾತನ್ನು ಮರೆಯಬಾರದು. ಸಾದಾ ಟ್ರೇನರ್ ಕರೆಂಟಿಲ್ಲದೆಯೂ ನಡೆಯುತ್ತದೆ.

ಆದ್ದರಿಂದ ಈ ಮನೆಗೆ ಎರಡನೆಯದೇ ಸಾಕು. ಕೊಳ್ಳುವ ಮುನ್ನ ಸೈಕಲ್ಲನ್ನೇ ಅಂಗಡಿಗೆ ಒಯ್ಯಬೇಕು. ಟ್ರೇನರ್ ಹಿಂದಿನ ಗಾಲಿಯ ಅಚ್ಚನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುತ್ತದೆ. ರೇಸಿಂಗ್ ಸೈಕಲ್ಲಿಗೆ ಇದು ಸುಲಭವಾಗಿ ಕೂಡುತ್ತದೆ. ನಟ್ಟು ಬಿಗಿದ ಅಚ್ಚು, ಸ್ಟ್ಯಾಂಡು, ಕ್ಯಾರಿಯರ್ ಇರುವ ಸಾದಾ ಸೈಕಲ್ಲಿಗೆ, ಅಂದರೆ ಸರಕಾರದ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ದೊರೆಯುವಂಥದಕ್ಕೆ, ಇದು ಹಲವೊಮ್ಮೆ ಹೊಂದುವುದಿಲ್ಲ. ಹಿಂದಿನ ಟೈರು ನುಣುಪಾಗಿರಬೇಕು. ಗುಬಟುಗಳಿರುವ ಟೈರು ಬೇಗ ಸವೆಯುತ್ತದೆ, ಮನೆಯವರ ನಿದ್ದೆಯನ್ನೂ ಕೆಡಿಸುತ್ತದೆ. ಕೆಳಗೆ ಹಳೆಯ ಸೊಲ್ಲಾಪುರ ಚಾದರವನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಸದ್ದು ತಗ್ಗುತ್ತದೆ. ಮುಂದಿನ ಗಾಲಿಯ ಕೆಳಗೆ ಮರದ ತುಂಡಿಟ್ಟು ಸೈಕಲ್ಲನ್ನು ಸಮಕ್ಕೆ ತರಬೇಕು.

ಇನ್ನು ಆ್ಯಪಿನ ಮಾತು. ಸಾದಾ ಟ್ರೇನರಿಗೆ ತನ್ನದೇ ಅಳತೆಯಿಲ್ಲ. ಗಾಲಿಗೆ ವೇಗದ ಸೆನ್ಸರ್, ಪೆಡಲಿನ ದಂಡಕ್ಕೆ ಕೇಡೆನ್ಸ್ ಸೆನ್ಸರ್ ಕಟ್ಟಿದರೆ ಅವು ಬ್ಲೂಟೂತ್ ಮೂಲಕ ಫೋನಿಗೆ ಅಂಕಿಗಳನ್ನು ಕಳಿಸುತ್ತವೆ. ಒಂದೊಂದು ನಾಣ್ಯದಂಥ ಬ್ಯಾಟರಿಯಿಂದ ತಿಂಗಳುಗಟ್ಟಲೆ ನಡೆಯುವ ಇವೆರಡೂ ಸೇರಿ ಮೂರು–ನಾಲ್ಕು ಸಾವಿರ ರೂಪಾಯಿ ಆಗಬಹುದು. ಯಾವ ಟ್ರೇನರಿನಲ್ಲಿ ಎಷ್ಟು ವೇಗಕ್ಕೆ ಎಷ್ಟು ಬಲ ಬೇಕೆಂಬ ಲೆಕ್ಕವನ್ನು ಜ್ವಿಫ್ಟ್ ತನ್ನಲ್ಲಿ ಇಟ್ಟುಕೊಂಡಿದ್ದು, ವೇಗದಿಂದಲೇ ವ್ಯಾಟ್‌ಗಳನ್ನು ಅಂದಾಜು ಮಾಡುತ್ತದೆ. ಈ ಅಂದಾಜು ಸ್ಮಾರ್ಟ್ ಟ್ರೇನರಿನಷ್ಟು ನಿಖರವಲ್ಲ. ಆದರೆ ಟೈರಿನ ಗಾಳಿ, ಉರುಳೆಯ ಒತ್ತು, ಭಾರದ ಮಟ್ಟ ಇವು ಮೂರನ್ನೂ ಪ್ರತಿದಿನ ಒಂದೇ ಸಮನೆ ಇಟ್ಟರೆ, ಹೋದ ತಿಂಗಳಿಗಿಂತ ಈ ತಿಂಗಳು ಎಷ್ಟು ಮುಂದೆ ಬಂದಳೆಂಬುದು ತಿಳಿಯುತ್ತದೆ. ಹುಡುಗಿಗೆ ಬೇಕಾದದ್ದು ಅಷ್ಟೇ.

ಜ್ವಿಫ್ಟಿನ ಚಂದಾ ಅಮೆರಿಕದ ದರದಲ್ಲಿ ತಿಂಗಳಿಗೆ 19.99 ಡಾಲರ್. ನಮ್ಮ ಮನೆಗಳಿಗೆ ಇದು ಹೊರೆ. ಮೈವೂಶ್ ಎಂಬ ಇನ್ನೊಂದು ಆ್ಯಪಿಗೆ ಚಂದಾ ಇಲ್ಲ. 2024ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅದರ ಮೇಲೆಯೇ. ಆದರೆ ಎಲ್ಲ ಆ್ಯಪುಗಳೂ ಎಲ್ಲ ಸಾದಾ ಟ್ರೇನರುಗಳನ್ನು ಒಪ್ಪುವುದಿಲ್ಲ. ಆದ್ದರಿಂದ ಕ್ರಮವನ್ನು ತಿರುಗಿಸಿರಿ: ಮೊದಲು ಆ್ಯಪು, ಆಮೇಲೆ ಉಪಕರಣ. ಮನೆಯಲ್ಲಿರುವ ಫೋನಿನಲ್ಲಿಯೇ ಆ್ಯಪು ಇಳಿಸಿ, ಸೈಕಲ್ಲಿಲ್ಲದೆ ತೆರೆದು ನೋಡಿರಿ. ಫೋನು ತಡವರಿಸದೆ ನಡೆದರೆ ಹೊಸ ಟ್ಯಾಬ್ಲೆಟ್ಟಿನ ಖರ್ಚು ಅಲ್ಲಿಗೇ ಉಳಿಯಿತು. ಇಳಿಸಲು ಕೆಲವು ಜಿಬಿ ಡೇಟಾ ಹಾಗೂ ಅಷ್ಟೇ ಜಾಗ ಬೇಕಾಗುತ್ತದೆ. ಬಳಿಕ ಕೊಳ್ಳಬೇಕೆಂದಿರುವ ಟ್ರೇನರಿನ ಹೆಸರು ಆ ಆ್ಯಪು ಒಪ್ಪುವ ಉಪಕರಣಗಳ ಪಟ್ಟಿಯಲ್ಲಿದೆಯೇ ಎಂದು ನೋಡಿ ಹಣ ಕೊಡಿರಿ. ಶಾಲೆಯಲ್ಲಿಯೋ ನೆಂಟರಲ್ಲಿಯೋ ಹಳೆಯ ಲ್ಯಾಪ್‌ಟಾಪ್ ಇದ್ದು ಅದರಲ್ಲಿ ಬ್ಲೂಟೂತ್ ಇಲ್ಲದಿದ್ದರೆ, ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಚಿಕ್ಕ ಅಡಾಪ್ಟರ್ ಕೆಲವು ನೂರು ರೂಪಾಯಿಗಳಲ್ಲಿ ಸಿಗುತ್ತದೆ.

ಪತ್ರದಲ್ಲಿ ಇನ್ನೊಂದು ಅಳುಕು ಇತ್ತು: "ಎಲ್ಲವೂ ಇಂಗ್ಲಿಷಿನಲ್ಲಿದೆ, ನಮ್ಮ ಹುಡುಗಿ ಕನ್ನಡ ಶಾಲೆಯವಳು." ಈ ಅಳುಕಿಗೆ ಕಾರಣವಿಲ್ಲ. ಆ ಪರದೆಯ ಮೇಲಿರುವುದು ಬಹುಪಾಲು ಅಂಕಿ. ವ್ಯಾಟ್ ಎಂಬುದು ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಕೆಲಸ ಮತ್ತು ಶಕ್ತಿಯ ಪಾಠದಲ್ಲಿಯೇ ಇದೆ: ಕೆಲಸವನ್ನು ಕಾಲದಿಂದ ಭಾಗಿಸಿದರೆ ಬರುವುದು. ಕೇಡೆನ್ಸ್ ಎಂದರೆ ನಿಮಿಷಕ್ಕೆ ಪೆಡಲು ಎಷ್ಟು ಸುತ್ತು ತಿರುಗಿತೆಂಬ ಎಣಿಕೆ. ವಾರ್ಮ್‌ಅಪ್ ಎಂದರೆ ಮೈ ಕಾಯಿಸಿಕೊಳ್ಳುವುದು, ಇಂಟರ್ವಲ್ ಎಂದರೆ ಜೋರಾಗಿ ತುಳಿಯುವ ಸರದಿ, ರಿಕವರಿ ಎಂದರೆ ಅದರ ನಡುವಿನ ಬಿಡುವು. ಇಂಥ ಹತ್ತು ಪದಗಳನ್ನು ಹುಡುಗಿಯೇ ಕನ್ನಡದಲ್ಲಿ ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಲಿ. ಆ್ಯಪಿನಲ್ಲಿ ಅಪರಿಚಿತರೂ ಸಂದೇಶ ಕಳಿಸಬಹುದಾದ್ದರಿಂದ ಖಾತೆಯನ್ನು ತಂದೆತಾಯಿಗಳೇ ತೆರೆದು, ತಮ್ಮ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಲೇಸು.

ಅಂಗಡಿಯವರ ಪಟ್ಟಿಯಲ್ಲಿ ಒಂದು ವಸ್ತು ಬಿಟ್ಟುಹೋಗಿದೆ. ಅದು ಫ್ಯಾನು. ನಾವು ತುಳಿಯುವಾಗ ದೇಹ ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಪೆಡಲಿಗೆ ಮುಟ್ಟುತ್ತದೆ. ಉಳಿದ ಮುಕ್ಕಾಲು ಶಾಖವಾಗುತ್ತದೆ. ಪೆಡಲಿಗೆ 150 ವ್ಯಾಟ್ ಕೊಡುವ ಹುಡುಗಿಯ ಮೈಯಲ್ಲಿ 450 ವ್ಯಾಟ್ ಅಥವಾ ಅದಕ್ಕೂ ಹೆಚ್ಚು ಶಾಖ ಹುಟ್ಟುತ್ತದೆ. ರಸ್ತೆಯ ಮೇಲೆ ಎದುರುಗಾಳಿ ಅದನ್ನು ಒಯ್ಯುತ್ತದೆ. ಕೋಣೆಯೊಳಗೆ ಆ ಗಾಳಿಯಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಇದು ಅಪಾಯದ ವಿಷಯ. ಕಿಟಕಿಯ ಬಳಿ, ನಸುಕಿನಲ್ಲಿ, ಎದೆಗೆ ನೇರವಾಗಿ ಬೀಸುವ ಫ್ಯಾನಿಟ್ಟು ತುಳಿಯಬೇಕು. ಕರೆಂಟು ಹೋದ ದಿನ ಜೋರಿನ ಅಭ್ಯಾಸ ಬೇಡ, ಮೆಲ್ಲಗೆ ತುಳಿದು ಇಳಿಯಲಿ. ಅಭ್ಯಾಸದ ಮುಂಚೆ ಹಾಗೂ ನಂತರ ತೂಕ ನೋಡಿದರೆ, ಇಳಿದ ಪ್ರತಿ ಕಿಲೋ ತೂಕವೂ ಸುಮಾರು ಒಂದು ಲೀಟರ್ ನೀರಿನ ನಷ್ಟ ಎಂದು ತಿಳಿಯಬೇಕು. ಹ್ಯಾಂಡಲ್ಲಿನ ಮೇಲೆ ಟವೆಲ್ ಹಾಸಿರಲಿ. ಬೆವರಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಓಢಣಿಯನ್ನು ತೆಗೆದಿಡಬೇಕು. ತುಳಿತ ನಿಂತ ಮೇಲೂ ಗಾಲಿ ತಿರುಗುತ್ತಿರುತ್ತದೆ, ಚಿಕ್ಕ ಮಕ್ಕಳ ಬೆರಳು ಹತ್ತಿರ ಬರಬಾರದು.

ಸೆನ್ಸರಿಗೂ ಹಣವಿಲ್ಲದಿದ್ದರೆ? ಆಗಲೂ ಅಭ್ಯಾಸ ಸಾಧ್ಯ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಅವರು ಶ್ರಮವನ್ನು ಸ್ವತಃ ಅಳೆದುಕೊಳ್ಳಲು 6ರಿಂದ 20ರವರೆಗಿನ ಅಳತೆಯೊಂದನ್ನು ರೂಪಿಸಿದರು. 6 ಎಂದರೆ ಏನೂ ಶ್ರಮವಿಲ್ಲ, 13 ಎಂದರೆ ತುಸು ಕಠಿಣ, 17 ಎಂದರೆ ಬಹಳ ಕಠಿಣ. ತರಬೇತುದಾರರು ಇಂದಿಗೂ ಇದನ್ನು ಬಳಸುತ್ತಾರೆ. ನಮ್ಮ ಮಕ್ಕಳಿಗೆ ಇನ್ನೂ ಸುಲಭವಾದ ಅಳತೆ ಮಗ್ಗಿ. ತುಳಿಯುತ್ತಲೇ ಹದಿಮೂರರ ಮಗ್ಗಿಯನ್ನು ನಿರಾಯಾಸವಾಗಿ ಹೇಳಲು ಬಂದರೆ ಅದು ಹಗುರ ಅಭ್ಯಾಸ. ಎರಡು ಮೂರು ಸಾಲಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಾದರೆ ಮಧ್ಯಮ. ಒಂದು ಸಾಲೂ ಪೂರ್ತಿಯಾಗದಿದ್ದರೆ ಜೋರು. ಗೋಡೆಯ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಹಗುರ, ಆಮೇಲೆ ಮೂರು ನಿಮಿಷ ಜೋರು, ಮೂರು ನಿಮಿಷ ಹಗುರ ಹೀಗೆ ಐದು ಸಲ, ಕೊನೆಗೆ ಐದು ನಿಮಿಷ ಹಗುರ. ಒಟ್ಟು ನಲವತ್ತೈದು ನಿಮಿಷ. ವಾರಕ್ಕೆ ಎರಡು ದಿನ ಇದು, ಇನ್ನೆರಡು ದಿನ ಬರಿಯ ಹಗುರ ತುಳಿತ. ಬೆಳೆಯುವ ವಯಸ್ಸಿನವರಿಗೆ ಇದಕ್ಕಿಂತ ಹೆಚ್ಚು ಬೇಡ. ಸೀಟಿನ ಎತ್ತರವನ್ನೂ ಕೆಲವು ತಿಂಗಳಿಗೊಮ್ಮೆ ನೋಡಬೇಕು: ಪೆಡಲು ಕೆಳತುದಿಯಲ್ಲಿರುವಾಗ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು.

ಒಂದು ಮಾತನ್ನು ಮುಚ್ಚಿಡಬಾರದು. ಮನೆಯೊಳಗಿನ ಅಭ್ಯಾಸ ತಿರುವನ್ನು ಕಲಿಸುವುದಿಲ್ಲ, ಬ್ರೇಕನ್ನು ಕಲಿಸುವುದಿಲ್ಲ, ಗುಂಪಿನಲ್ಲಿ ಗಾಲಿಗೆ ಗಾಲಿ ಹತ್ತಿಸದೆ ಓಡಿಸುವುದನ್ನು ಕಲಿಸುವುದಿಲ್ಲ. ಶಾಲಾ ಸ್ಪರ್ಧೆಯೂ ಆಯ್ಕೆಯೂ ನಡೆಯುವುದು ರಸ್ತೆಯಲ್ಲಿ, ಟ್ರ್ಯಾಕಿನಲ್ಲಿ. ಆದ್ದರಿಂದ ವಾರಕ್ಕೊಂದು ದಿನ, ಬೆಳಕು ಹರಿದ ಮೇಲೆ, ಕಬ್ಬಿನ ಗಾಡಿಗಳು ಬಾರದ ಒಳರಸ್ತೆಯಲ್ಲಿ, ಮೋಟಾರ್‌ಸೈಕಲ್ ಮೇಲೆ ಹಿಂದೆ ಹಿರಿಯರೊಬ್ಬರು ಇರುವಂತೆ ಹುಡುಗಿ ಹೊರಗೆ ತುಳಿಯಲೇಬೇಕು. ಈ ಒಂದು ದಿನಕ್ಕೆ ತಾಯಿಯ ಒಪ್ಪಿಗೆ ಪಡೆಯುವುದು ತಂದೆಯ ಕೆಲಸ. ಆ ತಾಯಿಯ ಭಯ ಸುಳ್ಳು ಭಯವಲ್ಲ. ಅದನ್ನು ಗೌರವಿಸಿಯೇ ಮಾತನಾಡಬೇಕು.

ಒಟ್ಟು ಲೆಕ್ಕ ಹೀಗಾಗುತ್ತದೆ. ಸಾದಾ ಟ್ರೇನರಿಗೆ ಹತ್ತು ಸಾವಿರದ ಆಸುಪಾಸು, ಸೆನ್ಸರುಗಳಿಗೆ ಮೂರು–ನಾಲ್ಕು ಸಾವಿರ, ನುಣುಪು ಟೈರಿಗೆ ಸಾವಿರದ ಒಳಹೊರಗೆ. ಫೋನು, ಫ್ಯಾನು, ಚಾದರ ಮನೆಯಲ್ಲಿಯೇ ಇವೆ. ಎಪ್ಪತ್ತು ಸಾವಿರದ ಮಾತು ಹದಿನೈದು ಸಾವಿರಕ್ಕೆ ಇಳಿಯಿತು. ಟ್ರೇನರನ್ನು ಮೊದಲು ಕೊಂಡು, ಸೆನ್ಸರುಗಳನ್ನು ಎರಡು ಮೂರು ತಿಂಗಳ ಬಳಿಕ, ಹುಡುಗಿ ಬಿಡದೆ ತುಳಿಯುತ್ತಿದ್ದಾಳೆಂದು ಕಂಡಾಗ ಕೊಂಡರೂ ನಡೆಯುತ್ತದೆ.

ಇದೂ ಭಾರವೆನಿಸುವ ಮನೆಗಳಿವೆ ಎಂಬುದನ್ನು ಬಲ್ಲೆ. ಅಂಥಲ್ಲಿ ಶಾಲೆಯೇ ಒಂದು ಟ್ರೇನರನ್ನು ಕೊಳ್ಳಬಹುದು. ಹಳೆಯ ವಿದ್ಯಾರ್ಥಿಗಳು ಕೂಡಿ ಕೊಟ್ಟರೆ ಹತ್ತು ಸಾವಿರ ದೊಡ್ಡ ಮೊತ್ತವಲ್ಲ. ಶಾಲೆಯ ಗಂಟೆ ಬಾರಿಸುವ ಮುನ್ನ ನಾಲ್ಕು ಮಕ್ಕಳು ಸರದಿಯಂತೆ ಅದರ ಮೇಲೆ ತುಳಿಯಬಹುದು. ಯಾವುದಾದರೂ ಶಾಲೆ ಇಂಥ ಏರ್ಪಾಡಿಗೆ ಮುಂದಾದರೆ ನಮಗೆ ಬರೆಯಲಿ. ಬಳಸದೆ ಮೂಲೆಯಲ್ಲಿಟ್ಟ ಟ್ರೇನರ್ ಯಾರ ಬಳಿಯಾದರೂ ಇದ್ದರೆ ಅವರೂ ಬರೆಯಲಿ. ಒಬ್ಬರನ್ನೊಬ್ಬರಿಗೆ ತಲುಪಿಸುವ ಕೆಲಸ ನಮ್ಮದು.

ಪತ್ರ ಬರೆದ ಮಹನೀಯರೆ, ಬಂಗಾರ ಮನೆಯಲ್ಲಿಯೇ ಇರಲಿ. ಈ ವಾರ ಫೋನಿನಲ್ಲಿ ಆ್ಯಪು ಇಳಿಸಿ ನೋಡಿರಿ, ಮುಂದಿನ ವಾರ ಸೈಕಲ್ಲನ್ನು ಅಂಗಡಿಗೆ ಒಯ್ಯಿರಿ. ಸೈಕಲ್ಲಿನ ಕೀಲಿಯನ್ನು ತಾಯಿಯ ಕೈಯಿಂದಲೇ ಮಗಳಿಗೆ ಕೊಡಿಸಿರಿ.