ಗ್ಲಿಸರಿನ್ ಕುಡಿದ ಕಾರು

ನಾಯಕಿ ಅಳಬೇಕಾದರೆ ಕಣ್ಣಿಗೆ ಗ್ಲಿಸರಿನ್ ಬಿಡುತ್ತಾರೆ. ಇದು ನಿಮಗೆಲ್ಲ ಗೊತ್ತಿರುವ ಗುಟ್ಟು. ಅದೇ ಗ್ಲಿಸರಿನ್ನನ್ನು ಕಾರಿಗೂ ಕುಡಿಸ್ತಾರೆ ಅಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ. ಕೇಳಿ.

ಹೋದ ವರ್ಷ ಮೈಸೂರಿನ ಹತ್ತಿರ ಹಳೇ ಕಾಲದ ಕಥೆಯೊಂದರ ಚಿತ್ರೀಕರಣ. ನಾಯಕಿ ತವರು ಬಿಟ್ಟು ಹೊರಡುವ ದೃಶ್ಯಕ್ಕೆ ಕಾರು ಬೇಕಿತ್ತು. ನಿರ್ಮಾಪಕರು ಸ್ನೇಹಿತರು; 'ಎಲ್ಲಾದರೂ ಹುಡುಕಿಕೊಡಿ ಸ್ವಾಮಿ' ಅಂದರು. ನನಗೆ ಪರಿಚಯದ ಯಜಮಾನರೊಬ್ಬರ ಷೆಡ್ಡಿನಲ್ಲಿ 1930ರ ಫೋರ್ಡ್ ಮಾಡೆಲ್ ಎ ಇತ್ತು. 1927ರಿಂದ 1931ರೊಳಗೆ 48 ಲಕ್ಷಕ್ಕೂ ಹೆಚ್ಚು ತಯಾರಾದ ಕಾರು ಅದು. ಯಜಮಾನರಿಗೆ ತಂದೆಯಿಂದ ಬಂದದ್ದು. "ಕೊಡ್ತೀನಿ, ಜವಾಬ್ದಾರಿ ಮಾತ್ರ ನಿಮ್ದು" ಅಂದರು.

ಕ್ಯಾಮೆರಾ ಓಡಿತು, ಕಾರು ಹೊರಟಿತು... ಕಿರ್ರ್! ಕಿರ್ರ್! ಎತ್ತಿನ ಗಾಡಿಯೇ ವಾಸಿ. ಹಿಂದಿನ ಕಾಲವಾಗಿದ್ದರೆ ಡಬ್ಬಿಂಗಿನಲ್ಲಿ ಮುಚ್ಚಿಹೋಗುತ್ತಿತ್ತು. ಈ ಚಿತ್ರಕ್ಕೆ ಸ್ಥಳದಲ್ಲೇ ಧ್ವನಿ ಹಿಡಿಯುತ್ತಿದ್ದರು. ಸೌಂಡ್ ಇಂಜಿನಿಯರ್ ಹೆಡ್‌ಫೋನ್ ಕಿತ್ತಿಟ್ಟರು. ಪ್ರೊಡಕ್ಷನ್ ಹುಡುಗ ಜನರೇಟರಿನ ಹಳೇ ಆಯಿಲ್ ಡಬ್ಬ ಹಿಡಿದು ಓಡಿ ಬಂದ. ನಾನೂ 'ಸ್ಪ್ರಿಂಗಿನ ಮೇಲೆ ಸುರಿಯಪ್ಪಾ ಬೇಗ' ಅಂದೆ. ತಪ್ಪು ನನ್ನದೇ.

ಕಾರಿನ ಜೊತೆ ಬಂದಿದ್ದ ಮೆಕ್ಯಾನಿಕ್ ಸಾಬರು ಡಬ್ಬ ಕಿತ್ತುಕೊಂಡರು. "ಬ್ಯಾಡಿ ಸಾರ್. ಎಣ್ಣೆ ಹುಯ್ದರೆ ಇವತ್ತು ಸುಮ್ಮನಾಗ್ತದೆ. ನಾಳೆ ಧೂಳು ಅಂಟ್ಕೊಂಡು ಅರ ಹಾಕಿದಂಗೆ ತಿಂತದೆ. ಅದ್ಯಾಕೆ ಕೂಗ್ತದೆ ಬಿಚ್ಚಿ ನೋಡ್ಬೇಕು."

ಪ್ಯಾಕಪ್! ನಿರ್ಮಾಪಕರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಬೇರೆ ಕಾರುಗಳಲ್ಲಿ ಪ್ಲೇಟಿನ ಸ್ಪ್ರಿಂಗ್ ಸಾಮಾನ್ಯವಾಗಿ ಕಾರಿನ ಉದ್ದಕ್ಕೆ ಇರುತ್ತದೆ. ಹೆನ್ರಿ ಫೋರ್ಡ್ ಮಹಾಶಯ ಅಡ್ಡಡ್ಡ ಹಾಕಿಸಿದ; ಮುಂದೊಂದು, ಹಿಂದೊಂದು. ಹೆದೆ ಏರಿಸಿದ ಬಿಲ್ಲು ಅಂದುಕೊಳ್ಳಿ. ಗೊತ್ತಿಲ್ಲದವನು ತುದಿಯ ಶಾಕಲ್ ಬಿಚ್ಚಿದರೆ ಸಿಡಿದು ಕೈ ಮುರಿಯುತ್ತೆ. ಸಾಬರು ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಸ್ಪ್ರೆಡರ್ ಹಾಕಿ ಹಿಗ್ಗಿಸಿ ಹಿಡಿದು ಶಾಕಲ್ ತೆಗೆದರು. ಕೆಳಗಿಳಿಸಿದ ಮೇಲೆ ಕ್ಲಾಂಪ್ ಬಿಗಿದು, ಸೆಂಟರ್ ಬೋಲ್ಟ್ ತೆಗೆದು, ಅದರ ಜಾಗಕ್ಕೆ ಉದ್ದನೆಯ ಥ್ರೆಡ್ ರಾಡು ಕೊಟ್ಟು, ನಟ್ಟನ್ನು ಒಂದೊಂದೇ ಸುತ್ತು ಸಡಿಲಿಸುತ್ತಾ ಬಂದರು. ನನ್ನನ್ನು ಹತ್ತಿರ ಬಿಡಲಿಲ್ಲ.

ಪ್ಲೇಟುಗಳ ನಡುವೆ ಬರೀ ತುಕ್ಕು. ಒಂದರ ತುದಿ ಇನ್ನೊಂದರ ಮೈ ಕೊರೆದು ಮೆಟ್ಟಿಲು ಮಾಡಿತ್ತು. ವೈರ್ ಬ್ರಷ್ ಆಡಿಸುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿದರು. "ಇಲ್ನೋಡಿ ಸಾರ್."

ಮೇನ್ ಪ್ಲೇಟಿನಲ್ಲಿ, ಬೋಲ್ಟಿನ ತೂತಿನಿಂದ ಅಂಚಿನ ಕಡೆಗೆ ಕೂದಲೆಳೆಯಷ್ಟು ಬಿರುಕು!

ಮಾರನೇ ದಿನ ಇಳಿಜಾರು ರಸ್ತೆಯ ದೃಶ್ಯವಿತ್ತು. ಕಾರಿನಲ್ಲಿ ನಾಯಕಿಯ ಜೊತೆ ಏಳು ವರ್ಷದ ಮಗು. ನಾನು ಎಣ್ಣೆ ಸುರಿಸಿ 'ಆಕ್ಷನ್' ಅನ್ನಿಸಿಬಿಟ್ಟಿದ್ದರೆ? ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಲಾರಿ ಸ್ಪ್ರಿಂಗ್ ಕೆಲಸದವರ ಹತ್ತಿರ ಹೊಸ ಪ್ಲೇಟು ಬಗ್ಗಿಸಿ, ಕಾಯಿಸಿ, ಹದ ಮಾಡಿಸಿದ್ದಾಯಿತು. ಮೆಟ್ಟಿಲುಗಳನ್ನು ಉಜ್ಜಿ ನುಣುಪು ಮಾಡಿ, ಗ್ರ್ಯಾಫೈಟ್ ಗ್ರೀಸನ್ನು ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ತೆಳ್ಳಗೆ ಸವರಿದರು. ಶಾಕಲ್ಲಿನ ನಿಪ್ಪಲ್ಲುಗಳಿಗೆ ಗ್ರೀಸ್ ಗನ್.

ಕಾರು ಮೌನಗೌರಿ ಆಯಿತು. ಆದರೆ ಗುಂಡಿ ಸಿಕ್ಕಿದರೆ ದೋಣಿಯಂತೆ ತೊನೆದಾಟ! ಇಷ್ಟು ದಿನ ಪ್ಲೇಟುಗಳ ಉಜ್ಜಾಟವೇ ಕುಣಿತವನ್ನು ತಡೆದಿತ್ತಂತೆ. ಶಾಕ್ ಅಬ್ಸಾರ್ಬರುಗಳು ಒಣಗಿ ಹೋಗಿದ್ದವು. ಅದರೊಳಗೆ ಆ ಕಾಲದಲ್ಲಿ ತುಂಬುತ್ತಿದ್ದದ್ದೇ ಗ್ಲಿಸರಿನ್! ಮೇಕಪ್‌ನವರನ್ನು ಕೇಳಿದೆ. "ನಾಳೆ ಅಳೋ ಸೀನ್ ಇದೆ ಸಾರ್, ಕೊಡಕ್ಕಾಗಲ್ಲ" ಎಂದು ಬಾಟಲಿ ಬಚ್ಚಿಟ್ಟರು. ಔಷಧಿ ಅಂಗಡಿಗೆ ಓಡಿದೆ.

ಯಜಮಾನರಿಗೆ ಬಿರುಕಿನ ಪ್ಲೇಟು ಒಪ್ಪಿಸಿದೆ. ತಿರುಗಿಸಿ ನೋಡಿದರು, ಏನೂ ಅನ್ನಲಿಲ್ಲ. ಈಗ ಅದು ಷೆಡ್ಡಿನ ಗೋಡೆಯಲ್ಲಿ ನೇತಾಡುತ್ತಿದೆ. ರಿಪೇರಿ ಬಿಲ್ಲು ಮಾತ್ರ ನನ್ನ ಮನೆಗೇ ಬಂತು!